ಬಾಂಗ್ ಮಲ್ಸುನ್ ತಮ್ಮ ಪ್ರಬಂಧವನ್ನು ಹಿಂದಕ್ಕೆ ಪಡೆದದ್ದು

ಬಾಂಗ್ ಮಲ್ಸುನ್ ಎಂಬ ಹೆಸರನ್ನು ಮೊದಲ ಸಲ ಕೇಳಿದ ವಿದ್ಯಾರ್ಥಿಗಳು ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಮತ್ತೊಂದು ಹೆಣ್ಣಾದಾಗ 'ಇದೇ ಕೊನೆಯದಾಗಲಿ' ಎಂದು ಅಜ್ಜ ಇಟ್ಟ ಹೆಸರು ಅದು. ಆ ಕಾಲದ ಕೊರಿಯಾದ ಹಳ್ಳಿ ಹೆಂಗಸರಲ್ಲಿ ಅಂಥ ಹೆಸರುಗಳು ಬೇಕಾದಷ್ಟಿದ್ದವು. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ ಕೋಣೆಯ ಬಾಗಿಲ ಮೇಲೆ ಮಾತ್ರ ಅಪರೂಪ. ಒಮ್ಮೆ ಆಫೀಸಿನ ಗುಮಾಸ್ತರೊಬ್ಬರು, ಈಗೆಲ್ಲ ಕೋರ್ಟಿನಲ್ಲಿ ಹೆಸರು ಬದಲಾಯಿಸಿಕೊಳ್ಳುವುದು ಸುಲಭವಂತೆ ಎಂದು ಮೆಲ್ಲಗೆ ಸೂಚಿಸಿದರು.

"ಯಾಕ್ರೀ ಬದಲಾಯಿಸ್ಕೊಳ್ಲಿ?" ಎಂದರು ಮೇಡಂ. "ನನಗೆ ಈ ಹೆಸರಿಟ್ಟ ಮೇಲೂ ನಮ್ಮಮ್ಮನಿಗೆ ಇನ್ನೂ ಇಬ್ರು ಹೆಣ್ಣುಮಕ್ಕಳು ಹುಟ್ಟಿದ್ರು. ಹೆಸರಿಟ್ಟ ಮಾತ್ರಕ್ಕೆ ಏನೂ ಆಗಲ್ಲ ಅನ್ನೋದಕ್ಕೆ ನಾನೇ ಪುರಾವೆ. ವಿಜ್ಞಾನಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗುತ್ತಾ?"

ಚುನ್‌ಚೊನ್ ಊರಿನಲ್ಲಿ, ಸೊಯಾಂಗ್ ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ಅವರ ತಾಯಿಯ ಶಾವಿಗೆ ಅಂಗಡಿ ಇದೆ. ತಣ್ಣನೆಯ ಸಾರಿನಲ್ಲಿ ಕಪ್ಪು ಶಾವಿಗೆ, ಮೇಲೆ ಒಂದಿಷ್ಟು ಸೌತೆಕಾಯಿ, ಅರ್ಧ ಮೊಟ್ಟೆ. ಪ್ರೊಫೆಸರ್ ಆದ ಮೇಲೂ ಬೇಸಗೆಯ ಭಾನುವಾರಗಳಲ್ಲಿ ಮೇಡಂ ಅಲ್ಲಿ ಏಪ್ರನ್ ಕಟ್ಟಿಕೊಂಡು ಓಡಾಡುತ್ತಿದ್ದರು. ನಾನು ಮೊದಲ ಸಲ ಅವರನ್ನು ಕಂಡದ್ದು ಅಲ್ಲೇ. ವೊಂಜುವಿನಿಂದ ಸಂಶೋಧನೆ ಮಾಡಲೆಂದು ಬಂದವಳು, ಹಸಿವಾಗಿ ಅಂಗಡಿಗೆ ನುಗ್ಗಿ, ನೆಂಚಿಕೊಳ್ಳುವ ಕೋಸಿನ ಉಪ್ಪಿನಕಾಯಿ ಮುಗಿದಾಗ, "ಅಕ್ಕಾ, ಇನ್ನೊಂದು ಬಟ್ಟಲು ಕಿಮ್ಚಿ ಕೊಡಿ" ಎಂದು ಕೂಗಿದ್ದೆ. ಮರುದಿನ ಲ್ಯಾಬಿಗೆ ಹೋದರೆ ಬಿಳಿ ಕೋಟು ಹಾಕಿಕೊಂಡು ಅದೇ ಅಕ್ಕ ಕೂತಿದ್ದರು. "ಕಿಮ್ಚಿ ಸಾಕಾಯ್ತಾ ರಾನ್ಹೀ?" ಎಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಅವರು ಹಿಡಿದ ವಿಷಯ ಆಗ ಹೆಚ್ಚು ಜನ ಹಿಡಿಯದ ವಿಷಯ. ಉರಿಯೂತ ಹೇಗೆ ಶುರುವಾಗುತ್ತದೆ ಎಂಬುದರ ಹಿಂದೆ ಎಲ್ಲರೂ ಬಿದ್ದಿದ್ದರು. ಅದು ಹೇಗೆ ಮುಗಿಯುತ್ತದೆ ಎಂದು ಇವರು ಕೇಳುತ್ತಿದ್ದರು. ಹೊಸ ವಿದ್ಯಾರ್ಥಿಗಳಿಗೆ ಹೇಳುವಾಗ ಕೈ ಆಡಿಸುತ್ತಾ ಹೇಳುತ್ತಿದ್ದರು: "ಬೆರಳಿಗೆ ಮುಳ್ಳು ಚುಚ್ಚುತ್ತೆ. ಕೆಂಪಗಾಗಿ ಊದ್ಕೊಳ್ಳುತ್ತೆ. ಬಿಳಿ ರಕ್ತಕಣಗಳು ದಂಡು ಕಟ್ಕೊಂಡು ಬಂದು ಕ್ರಿಮಿಗಳ ಜೊತೆ ಜಗಳ ಮಾಡ್ತವೆ. ಸರಿ. ಆಮೇಲೆ ಊತ ಇಳಿಯುತ್ತಲ್ಲ, ಯಾಕೆ ಇಳಿಯುತ್ತೆ? ಮನೆಗೆ ಬಂದ ನೆಂಟರು ತಾವಾಗೇ ಎದ್ದು ಹೋಗ್ತಾರಾ? ಯಾರೋ ಒಬ್ರು, ಇನ್ನು ಹೊರಡಿ ಅನ್ನೋ ಹಾಗೆ, ಅವರ ಶೂ ಹೊರಗಡೆಗೆ ತಿರುಗಿಸಿ ಬಾಗಿಲ ಹತ್ರ ಇಡ್ಬೇಕು. ಅದು ಯಾರು ಅಂತ ನಾವು ಹುಡುಕ್ತಿರೋದು. ಸಂಧಿವಾತದವರ ಕೀಲಿನಲ್ಲಿ ಆ ಶೂ ತಿರುಗಿಸೋರೇ ಇಲ್ಲ. ನೆಂಟರು ವರ್ಷಗಟ್ಟಲೆ ಕೂತು ಮನೆ ಮುರೀತಾರೆ."

ನಾನು ಸೇರುವ ಹೊತ್ತಿಗೆ ಆ ಶೂ ತಿರುಗಿಸುವವರು ಸಿಕ್ಕಿದ್ದಾರೆ ಎಂದು ನಾವೆಲ್ಲ ನಂಬಿದ್ದೆವು. ಅದೊಂದು ಪ್ರೋಟೀನ್. ದೇಹದಲ್ಲಿ ಕಸ ನುಂಗಿ ಕಾವಲು ಕಾಯುವ ದೊಡ್ಡ ಬಿಳಿ ಕೋಶಗಳಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆ ಕೋಶಗಳಿಗೆ ಈ ಪ್ರೋಟೀನನ್ನು ಹನಿಸಿ, ಮರುದಿನ ಅವನ್ನು ಎಷ್ಟೇ ಕೆಣಕಿದರೂ ಅವು ಸಿಟ್ಟಾಗುತ್ತಿರಲಿಲ್ಲ. ಇಲಿಗಳ ಊದಿದ ಪಾದಗಳೂ ಇಳಿದವು. ಲ್ಯಾಬಿನಲ್ಲಿ ನಾವು ಅದನ್ನು 'ಹಿರಿಸೊಸೆ' ಎಂದು ಕರೆಯುತ್ತಿದ್ದೆವು. ಮನೆಯಲ್ಲಿ ಎಂಥ ಗಲಾಟೆ ಎದ್ದರೂ ಬಂದು ಎಲ್ಲರನ್ನೂ ಸುಮ್ಮನಾಗಿಸುವವಳು. ಪ್ರಬಂಧ ದೊಡ್ಡ ಪತ್ರಿಕೆಯಲ್ಲಿ ಬಂತು. ಸಿಯೋಲ್‌ನ ಔಷಧ ಕಂಪನಿಯೊಂದು ಕೈಜೋಡಿಸಿತು. ಊರ ಪೇಪರಿನಲ್ಲಿ ಮೇಡಂ ಅವರ ಫೋಟೋ ಹಾಕಿ ಬರೆದರು. ತಾಯಿ ಅದನ್ನು ಕತ್ತರಿಸಿ, ಗಾಜಿನ ಚೌಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ನೇತುಹಾಕಿದರು.

ಅಲ್ಲಿಂದ ಕಾಯಿಲೆಯವರು ಬರತೊಡಗಿದರು. ಲ್ಯಾಬ್ ಎಲ್ಲಿದೆ ಎಂದು ಗೊತ್ತಾಗದೆ ಶಾವಿಗೆ ಅಂಗಡಿಗೇ ಬರುತ್ತಿದ್ದರು. ಹಾಗೆ ಬಂದವರಲ್ಲಿ ಬೊಕ್ಸಿಲ್ ಅಜ್ಜಿ ಒಬ್ಬರು. ಹೊಂಗ್‌ಚೊನ್‌ನಲ್ಲಿ ಸೋಯಾ ಹಾಲು ಒಡೆಸಿ ತೋಫು ಗಡ್ಡೆ ಮಾಡಿ ಮಾರುತ್ತಿದ್ದವರು. ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿದ್ದವು, ಗಂಟುಗಂಟಾಗಿ. ಚಾಪ್‌ಸ್ಟಿಕ್ ಹಿಡಿಯಲಾಗದೆ ಶಾವಿಗೆಯನ್ನು ಚಮಚದಿಂದ ಕತ್ತರಿಸಿ ತಿನ್ನುತ್ತಿದ್ದರು.

"ಶಾವಿಗೆ ಅಂಗಡಿ ಮಗಳೇ, ಯಾವಾಗ ಬರುತ್ತೆ ಔಷಧ?" ಎಂದು ಕೇಳಿದರು.

"ತುಂಬಾ ವರ್ಷ ಆಗುತ್ತೆ ಅಜ್ಜಿ. ಬರದೇನೂ ಇರ್ಬಹುದು."

"ಬರುತ್ತೆ ಬಿಡು. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ" ಎಂದು ಅಜ್ಜಿ ತಾವೇ ತೀರ್ಮಾನ ಮಾಡಿಕೊಂಡು, ತಂದಿದ್ದ ತೋಫುವನ್ನು ಮೇಜಿನ ಮೇಲಿಟ್ಟು ಹೋದರು. ಆಮೇಲೆ ಸಂತೆಗೆ ಬಂದಾಗಲೆಲ್ಲ ತೋಫು ತರುತ್ತಿದ್ದರು.

ಕಷ್ಟ ಶುರುವಾದದ್ದು ಕಂಪನಿಯಿಂದ. ನಾವು ಪ್ರೋಟೀನನ್ನು ಬ್ಯಾಕ್ಟೀರಿಯಾಗಳಿಂದ ಮಾಡಿಸುತ್ತಿದ್ದೆವು. ಅದು ಸುಲಭ, ಎಲ್ಲರೂ ಹಾಗೇ ಮಾಡುತ್ತಾರೆ. ಮನುಷ್ಯರಿಗೆ ಕೊಡುವ ಔಷಧಕ್ಕೆ ಅದು ಸಾಲದೆಂದು ಕಂಪನಿಯವರು ಪ್ರಾಣಿಕೋಶಗಳಲ್ಲಿ ಅಚ್ಚುಕಟ್ಟಾಗಿ ತಯಾರಿಸಿ ಕಳಿಸಿದರು. ಅದನ್ನು ಹಾಕಿದರೆ ಕೋಶಗಳು ಸುಮ್ಮನಾಗಲೇ ಇಲ್ಲ. ಮತ್ತೆ ಹಾಕಿದೆವು. ಇಲ್ಲ.

"ಸಿಯೋಲ್‌ನವರಿಗೆ ಮಾಡೋಕೆ ಬರಲ್ಲ" ಎಂದು ಲ್ಯಾಬಿನಲ್ಲಿ ನಾವು ನಕ್ಕೆವು. ಮೇಡಂ ನಗಲಿಲ್ಲ. ಯಾವಾಗಲೂ ಊಟದ ಹೊತ್ತಿಗೆ ಎಲ್ಲರ ಡಬ್ಬಿಗೂ ಚಾಪ್‌ಸ್ಟಿಕ್ ಹಾಕುವವರು ಒಂದು ವಾರ ತಮ್ಮ ಕೋಣೆಯಲ್ಲೇ ಉಂಡರು. ಒಂದು ಬೆಳಿಗ್ಗೆ ನನ್ನ ಬೆಂಚಿನ ಹತ್ತಿರ ಬಂದು ನಿಂತರು.

"ರಾನ್ಹೀ, ನಮ್ಮ ಹಿರಿಸೊಸೇನ ಕುದಿಸು."

"ಕುದಿಸಿದ್ರೆ ಕೆಟ್ಟುಹೋಗುತ್ತಲ್ಲ ಮೇಡಂ? ಮೊಟ್ಟೆ ಥರ ಗಟ್ಟಿಯಾಗುತ್ತೆ."

"ಕೆಟ್ಟುಹೋಗ್ಲಿ. ಚೆನ್ನಾಗಿ ಕುದಿಸು. ಆಮೇಲೆ ಕೋಶಗಳಿಗೆ ಹಾಕು."

ನಾನು ಕುದಿಸಿ ಹಾಕಿದೆ. ಪ್ರೋಟೀನ್ ಸತ್ತ ಮೇಲೆ ಕೆಲಸ ನಿಲ್ಲಬೇಕು. ನಿಲ್ಲಲಿಲ್ಲ. ಕೋಶಗಳು ಎಂದಿನಂತೆಯೇ ಸುಮ್ಮನೆ ಕೂತಿದ್ದವು. ಮೇಡಂ ಯಂತ್ರದ ಪರದೆಯ ಮುಂದೆ ಬಗ್ಗಿ ನೋಡಿದರು. ಕುದಿಸಿದ್ದರ ಗೆರೆ, ಕುದಿಸದ್ದರ ಗೆರೆ ಒಂದರ ಮೇಲೊಂದು ಕೂತಿದ್ದವು.

"ಸತ್ತವಳು ಸಂಸಾರ ಮಾಡ್ತಿದ್ದಾಳೆ" ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತುಬಿಟ್ಟರು.

ಆದದ್ದು ಇಷ್ಟು. ಪ್ರೋಟೀನಿನ ಜೊತೆಗೆ ಅದನ್ನು ಮಾಡಿಕೊಟ್ಟ ಬ್ಯಾಕ್ಟೀರಿಯಾಗಳ ಹೊರಪದರದ ಚೂರುಗಳು ಅಂಟಿಕೊಂಡು ಬಂದಿದ್ದವು. ಕುದಿಸಿದರೂ ಅವು ಸಾಯುವುದಿಲ್ಲ. ಕೊಳೆ ಇದೆಯೇ ಎಂದು ನಾವು ಮೊದಲೇ ಪರೀಕ್ಷೆ ಮಾಡಿಸಿದ್ದೆವು, ಆದರೆ ಪ್ರೋಟೀನೇ ಆ ಕೊಳೆಯನ್ನು ಪರೀಕ್ಷೆಯ ಕಣ್ಣಿಂದ ಮರೆಮಾಡಿತ್ತು. ಆ ಚೂರುಗಳನ್ನು ಕಂಡ ಕೋಶಗಳು ಮೊದಲ ದಿನವೇ ಒಂದಿಷ್ಟು ಕೂಗಾಡಿ ಸುಸ್ತಾಗುತ್ತಿದ್ದವು. ಮರುದಿನ ನಾವು ಕೆಣಕಿದಾಗ ಅವಕ್ಕೆ ಏಳುವ ತ್ರಾಣ ಇರುತ್ತಿರಲಿಲ್ಲ. ಆ ಸುಸ್ತನ್ನು ನಾವು ಸಮಾಧಾನ ಎಂದುಕೊಂಡಿದ್ದೆವು. ಪ್ರೋಟೀನ್ ಏನೂ ಮಾಡುತ್ತಲೇ ಇರಲಿಲ್ಲ.

ಕೊಳೆಯನ್ನು ಬೇರೆ ರೀತಿಯಲ್ಲಿ ತೊಳೆದು, ಮತ್ತೆ ಮತ್ತೆ ನೋಡಿ, ಸಂಶಯವೇ ಇಲ್ಲವೆಂದಾದ ಮೇಲೆ ಮೇಡಂ ತಮ್ಮ ಗುರುಗಳಾದ ಯೋಮ್ ಪ್ರೊಫೆಸರ ಬಳಿಗೆ ಹೋದರು. ಫಲಿತಾಂಶ ತೋರಿಸಲೆಂದು ನನ್ನನ್ನೂ ಕರೆದೊಯ್ದರು. ಯೋಮ್ ಅವರು ಒಳ್ಳೆಯವರು. ಶಿಷ್ಯೆಯ ಮೇಲೆ ಪ್ರೀತಿ ಇದ್ದವರು. ಎಲ್ಲವನ್ನೂ ನೋಡಿ ಕನ್ನಡಕ ತೆಗೆದಿಟ್ಟರು.

"ಮಲ್ಸುನ್, ನೀನೇನು ಕದ್ದಿದ್ದೀಯಾ? ಅಂಕಿ ತಿದ್ದಿದ್ದೀಯಾ? ಕಂಡದ್ದನ್ನ ಬರೆದೆ ಅಷ್ಟೆ. ಮುಂದಿನ ವರ್ಷ ಬೇರೆ ವಿಷಯ ಹಿಡಿ. ಈ ಪ್ರಬಂಧ ತಾನಾಗೇ ಹಳೇದಾಗುತ್ತೆ. ಜನ ಮರೀತಾರೆ."

"ಜನ ಮರೆಯಲ್ಲ ಮೇಷ್ಟ್ರೇ. ಹೊಂಗ್‌ಚೊನ್‌ನಲ್ಲಿ ಒಂದು ಅಜ್ಜಿ ಕಾಯ್ತಿದೆ."

"ನಾನು ಹೇಳಿದ್ದು ವಿಜ್ಞಾನಿಗಳನ್ನ."

"ಅವರೂ ಮರೆಯಲ್ಲ. ನಾನು ಬರೆದದ್ದನ್ನ ನಂಬ್ಕೊಂಡು ಎಲ್ಲೋ ಒಬ್ಬಳು ಹುಡುಗಿ ಇವತ್ತು ಇಲಿಗೆ ಸೂಜಿ ಚುಚ್ಚುತ್ತಿರ್ತಾಳೆ. ಅವಳ ಪ್ರಯೋಗ ಸರಿಹೋಗಲ್ಲ. ತನ್ನ ಕೈಯೇ ಸರಿ ಇಲ್ಲ ಅಂತ ಅಳ್ತಿರ್ತಾಳೆ."

ಯೋಮ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಕಂಪನಿ ಹೋಗುತ್ತೆ. ನಿನ್ನ ಮಕ್ಕಳು ಲ್ಯಾಬ್ ಬಿಡ್ತಾರೆ" ಎಂದರು ಕೊನೆಗೆ.

"ಗೊತ್ತು" ಎಂದರು ಮೇಡಂ. ಎದ್ದು ಬಗ್ಗಿ ನಮಸ್ಕರಿಸಿದರು.

ಲ್ಯಾಬಿನವರ ಪೈಕಿ ಹೆಚ್ಚು ಕಳೆದುಕೊಂಡವಳು ನಾನು. ನನ್ನ ಪದವಿಯ ಕೆಲಸವೆಲ್ಲ ಆ ಪ್ರೋಟೀನಿನ ಮೇಲೇ ನಿಂತಿತ್ತು. ಹೊರಗೆ ಬಂದ ಕೂಡಲೆ ಮೇಡಂ ನನ್ನನ್ನು ಊಟಕ್ಕೆ ಕರೆದುಕೊಂಡು ಹೋದರು. ಮೇಜಿನ ನಡುವಿನ ದೊಡ್ಡ ಬಾಣಲೆಯಲ್ಲಿ ಕೋಳಿ, ಕೋಸು, ಖಾರ ಎಲ್ಲ ಚಟಪಟ ಅನ್ನುತ್ತಿದ್ದವು.

"ನಿನ್ನ ಎರಡು ವರ್ಷ ಹಾಳುಮಾಡಿದೆ" ಎಂದರು ನೇರವಾಗಿ. "ಬೇರೆ ಲ್ಯಾಬಿಗೆ ಹೋಗ್ತೀನಿ ಅಂದ್ರೆ ನಾನೇ ಹೋಗಿ ಮಾತಾಡ್ತೀನಿ. ಇಲ್ಲೇ ಇರ್ತೀನಿ ಅಂದ್ರೆ ಮೊದಲಿಂದ ಶುರು."

ನನಗೆ ಅಳು ತಡೆಯಲಾಗಲಿಲ್ಲ.

"ಅಳು. ಆದ್ರೆ ತಿಂತಾ ಅಳು. ಕೋಳಿ ಸೀದು ಹೋಗುತ್ತೆ."

"ಇಲ್ಲೇ ಇದ್ರೆ... ಏನು ಮಾಡೋದು ಮೇಡಂ?"

"ನನಗೂ ಗೊತ್ತಿಲ್ಲ ಕಣೇ."

ಅಷ್ಟು ಪ್ರಾಮಾಣಿಕವಾಗಿ ಗೊತ್ತಿಲ್ಲ ಎಂದ ಪ್ರೊಫೆಸರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸಿಟ್ಟು ಬಂದಿತ್ತು, ಆದರೂ ಉಳಿದೆ.

ಪ್ರಬಂಧವನ್ನು ಹಿಂದಕ್ಕೆ ಪಡೆದರು. ಅದಕ್ಕೂ ಮೊದಲೇ ದೇಗು ನಗರದಲ್ಲಿ ನಡೆಯುವ ವಾರ್ಷಿಕ ಸಮ್ಮೇಳನದಲ್ಲಿ ಹಿರಿಸೊಸೆಯ ಬಗ್ಗೆ ಮಾತಾಡಲು ಅವರನ್ನು ಕರೆದಿದ್ದರು. ಬರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಅವರು ಹೋದರು. ವೇದಿಕೆ ಹತ್ತಿ, ಹಳೆಯ ಚಿತ್ರವನ್ನೇ ಮೊದಲು ತೋರಿಸಿ, "ಇದು ತಪ್ಪು. ಹೇಗೆ ತಪ್ಪಾಯಿತು ಅಂತ ಹೇಳ್ತೀನಿ, ನಿಮಗೆ ಉಪಯೋಗ ಆಗ್ಬಹುದು" ಎಂದು ಶುರುಮಾಡಿದರು. ಪ್ರಶ್ನೆಯ ಹೊತ್ತಿನಲ್ಲಿ ಮುಂದಿನ ಸಾಲಿನ ದೊಡ್ಡ ಮನುಷ್ಯರೊಬ್ಬರು, "ಇದನ್ನೆಲ್ಲ ಮೊದಲೇ ನೋಡ್ಕೋಬಾರ್ದಿತ್ತೇ ಬಾಂಗ್ ಅವರೇ?" ಎಂದರು. "ನೋಡ್ಕೋಬೇಕಿತ್ತು" ಎಂದಷ್ಟೇ ಹೇಳಿದರು ಮೇಡಂ. ಸಮಜಾಯಿಷಿ ಕೊಡಲಿಲ್ಲ. ಆದರೆ ಕಾಫಿಯ ಹೊತ್ತಿಗೆ ಒಬ್ಬೊಬ್ಬರೇ ಅವರ ಹತ್ತಿರ ಬರತೊಡಗಿದರು. ತಮ್ಮ ಪ್ರೋಟೀನನ್ನೂ ಹೀಗೆ ನೋಡಬೇಕಾದರೆ ಹೇಗೆ ತೊಳೆಯಬೇಕು, ಎಷ್ಟು ಕುದಿಸಬೇಕು ಎಂದು ಮೆಲ್ಲಗೆ, ಅತ್ತಿತ್ತ ನೋಡುತ್ತಾ ಕೇಳಿದರು. ಆ ಪ್ರಶ್ನೆ ಕೇಳಿದ್ದ ದೊಡ್ಡ ಮನುಷ್ಯರೂ ಬಂದಿದ್ದರು.

ಹೊಂಗ್‌ಚೊನ್‌ಗೆ ಹೋಗುವುದು ಅದಕ್ಕಿಂತ ಕಷ್ಟದ್ದಾಗಿತ್ತು. ತೋಫು ಮನೆಯಲ್ಲಿ ಹಬೆ ತುಂಬಿತ್ತು. ಅಜ್ಜಿಗೆ ಒತ್ತುವ ಹಲಗೆ ಎತ್ತಲಾಗದೆ ಗಂಡ ಒತ್ತುತ್ತಿದ್ದರು, ಅಜ್ಜಿ ಪಕ್ಕದಲ್ಲಿ ನಿಂತು ಬೈಯುತ್ತಿದ್ದರು. ಮೇಡಂ ನೆಲದ ಮೇಲೆ ಮಂಡಿಯೂರಿ ಕೂತು ವಿಷಯ ಹೇಳಿದರು.

"ಅಂದ್ರೆ ಔಷಧ ತಡ ಆಗುತ್ತೆ ಅಂತಾನಾ, ಇಲ್ವೇ ಇಲ್ಲ ಅಂತಾನಾ?"

"ಇದರಿಂದ ಇಲ್ವೇ ಇಲ್ಲ ಅಜ್ಜಿ."

"ಪೇಪರಲ್ಲಿ ಹಲ್ಲು ಬಿಟ್ಕೊಂಡು ನಿಂತಿದ್ದೆಯಲ್ಲ! ಆಗ ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ."

"ಎಂಥಾ ಪ್ರೊಫೆಸರೇ ನೀನು! ಸುಮ್ನೆ ನಿಮ್ಮಮ್ಮನ ಜೊತೆ ಶಾವಿಗೆ ಒತ್ಕೊಂಡು ಇರಬಾರ್ದಾಗಿತ್ತಾ?"

"ಇರಬಹುದಾಗಿತ್ತು" ಎಂದರು ಮೇಡಂ. ಅಜ್ಜಿ ಬೆನ್ನು ತಿರುಗಿಸಿದರು. ಅಂದು ಯಾರೂ ನಮಗೆ ತೋಫು ಕಟ್ಟಿಕೊಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಾ ಮೇಡಂ ಹೇಳಿದರು: "ಬೈದದ್ದು ಒಳ್ಳೇದಾಯ್ತು ರಾನ್ಹೀ. ಪರವಾಗಿಲ್ಲ ಬಿಡಮ್ಮ ಅಂದಿದ್ರೆ ನಾನು ಅಲ್ಲೇ ಕುಸಿದುಬಿಡ್ತಿದ್ದೆ."

ತಾಯಿಗೆ ಹೇಳುವಾಗಲೂ ನಾನಿದ್ದೆ. ಗೋಡೆಯ ಮೇಲಿನ ಆ ಪೇಪರನ್ನು ಇಳಿಸಮ್ಮ ಎಂದರು ಮೇಡಂ. ತಾಯಿ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದರು. "ಯಾಕೆ ಇಳಿಸ್ಲಿ?"

"ಅದರಲ್ಲಿ ಬರೆದಿರೋದು ಸುಳ್ಳಾಯ್ತಮ್ಮ."

"ಅಲ್ಲಿ ಬರೆದಿರೋದನ್ನ ಯಾರು ಓದ್ತಾರೆ ಮಲ್ಸುನಾ? ಫೋಟೋದಲ್ಲಿ ನೀನು ತೆಳ್ಳಗೆ ಕಾಣ್ತೀಯ. ಇರ್ಲಿ." ಕೊನೆಗೆ ಇಬ್ಬರೂ ರಾಜಿಯಾದರು. ಬರಹದ ಮೇಲೆ ಬೆಲೆಪಟ್ಟಿ ಅಂಟಿಸಿದರು, ಫೋಟೋ ಉಳಿಯಿತು.

ಆ ಶರತ್ಕಾಲದಲ್ಲಿ, ಪ್ರತಿವರ್ಷದಂತೆ, ಪ್ರಾಣಿಮನೆಯ ಹಿಂದಿನ ಸ್ಮಾರಕ ಕಲ್ಲಿನ ಮುಂದೆ ಎಲ್ಲ ಲ್ಯಾಬಿನವರೂ ಸೇರಿದೆವು. ಪ್ರಯೋಗಕ್ಕೆ ಜೀವ ಕೊಟ್ಟ ಪ್ರಾಣಿಗಳಿಗೆ ಸೇಬು, ಪೇರು, ಅಕ್ಕಿಯ ಕಡುಬು ಇಟ್ಟು ಬಗ್ಗಿ ನಮಸ್ಕರಿಸುವ ದಿನ ಅದು. ಸಾಮಾನ್ಯವಾಗಿ ಯಾರೋ ಒಬ್ಬರು ನಾಲ್ಕು ಮಾತು ಓದುತ್ತಾರೆ, ಎಲ್ಲರೂ ಚಳಿಯಲ್ಲಿ ಕೈ ಉಜ್ಜುತ್ತಾ ಬೇಗ ಒಳಗೆ ಹೋಗುತ್ತಾರೆ. ಆ ಸಲ ಮೇಡಂ ತಾವಾಗಿ ಮುಂದೆ ಬಂದು, "ನಿಮ್ಮಲ್ಲಿ ತುಂಬಾ ಜನರನ್ನ ನಾನು ತಪ್ಪು ಕೆಲಸಕ್ಕೆ ಕರೆದೆ. ಮುಂದೆ ಕರೆಯೋ ಮೊದಲು ಇನ್ನೊಂದು ಸಲ ಯೋಚನೆ ಮಾಡ್ತೀನಿ" ಎಂದು ಇಲಿಗಳಿಗೆ ಹೇಳಿದರು. ಬಟ್ಟಲು ಹೆಂಡವನ್ನು ಹುಲ್ಲಿನ ಮೇಲೆ ಸುರಿದು, ಮಂಡಿ ಮಣ್ಣಾಗುವಂತೆ ಪೂರ್ತಿ ನಮಸ್ಕಾರ ಹಾಕಿದರು. ಯಾರೂ ಕೈ ಉಜ್ಜಲಿಲ್ಲ.

ಯೋಮ್ ಹೇಳಿದಂತೆಯೇ ಆಯಿತು. ಕಂಪನಿ ಹೋಯಿತು. ಒಬ್ಬೊಬ್ಬರಾಗಿ ಹುಡುಗರು ಹೋದರು. ನಮ್ಮನ್ನು ದೊಡ್ಡ ಲ್ಯಾಬಿನಿಂದ ಮೆಟ್ಟಿಲ ಪಕ್ಕದ ಸಣ್ಣ ಕೋಣೆಗೆ ಸರಿಸಿದರು. ಚಳಿಗಾಲದಲ್ಲಿ ಹೀಟರು ಒಂದು ಮೂಲೆಗೆ ಮಾತ್ರ ತಲುಪುತ್ತಿತ್ತು. ಮೇಡಂ ಆ ಮೂಲೆಯನ್ನು ಕೋಶಗಳಿಗೂ ನನಗೂ ಬಿಟ್ಟುಕೊಟ್ಟು, ತಾವು ಅಂಗಡಿಯ ಹಳೇ ರಗ್ಗು ಹೊದ್ದು ಕೂತು ಓದುತ್ತಿದ್ದರು.

ಮುಂದಿನ ವಸಂತದಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಬೊಕ್ಸಿಲ್ ಅಜ್ಜಿ, ಕೋಲೂರಿಕೊಂಡು, ಮೆಟ್ಟಿಲು ಹತ್ತಿದ ಏದುಸಿರು ಬಿಡುತ್ತಾ ನಿಂತಿದ್ದರು.

"ಇದೇನೇ ಇಷ್ಟು ಚಿಕ್ಕ ಕೋಣೆ? ನಮ್ಮ ಕೋಳಿಗೂಡು ಇದಕ್ಕಿಂತ ದೊಡ್ಡದಿದೆ" ಎಂದು ಕೂತರು. ಆಮೇಲೆ ಮೊಣಕಾಲು ತೋರಿಸಿದರು. "ಆಸ್ಪತ್ರೇಲಿ ತಿಂಗಳಿಗೊಂದ್ಸಲ ಇದರಿಂದ ನೀರು ತೆಗೀತಾರೆ. ತೆಗೆದು ಚೆಲ್ತಾರೆ. ನಿನಗೆ ಬೇಕಾ?"

ಮೇಡಂ ಬಗ್ಗಿ ಆ ಮೊಣಕಾಲನ್ನೇ ನೋಡಿದರು.

"ಬೇಕೋ ಬೇಡ್ವೋ ಹೇಳು. ಡಾಕ್ಟರುಗಳೆಲ್ಲ ನೋಡೋಣ, ನೋಡೋಣ ಅಂತಾರೆ. ಇಲ್ಲ ಅಂತ ಮನೆಗೇ ಬಂದು ಹೇಳಿದೋಳು ನೀನೊಬ್ಳೇ. ಅದಕ್ಕೇ ಬಂದೆ."

ಆಸ್ಪತ್ರೆಯ ಒಪ್ಪಿಗೆ, ವೈದ್ಯಕೀಯ ನೀತಿ ಸಮಿತಿಯ ಒಪ್ಪಿಗೆ ಎಲ್ಲ ಬರುವ ಹೊತ್ತಿಗೆ ಬೇಸಗೆಯಾಯಿತು. ಅಷ್ಟರಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವವರನ್ನೆಲ್ಲ ಅಜ್ಜಿ ಒಪ್ಪಿಸಿಯಾಗಿತ್ತು. "ಚೆಲ್ಲೋ ನೀರು ತಾನೇ, ಕೊಡಿ" ಎಂದು ಗದರಿಸುತ್ತಿದ್ದರಂತೆ. ನಮ್ಮ ಹೊಸ ಕೆಲಸ ಹುಟ್ಟಿದ್ದು ಆ ನೀರಿನಿಂದ. ಜಗಳಕ್ಕೆಂದು ಬಂದ ಬಿಳಿ ರಕ್ತಕಣಗಳು ಬೇಗ ಸಾಯುತ್ತವೆ. ದೊಡ್ಡ ಕೋಶಗಳು ಆ ಹೆಣಗಳನ್ನು ನುಂಗಬೇಕು. ನುಂಗಿದ ಮೇಲೆ ತಾವೂ ಶಾಂತವಾಗಿ, ಇನ್ನು ಸಾಕು ಎಂಬ ಸಂದೇಶ ಕಳಿಸುತ್ತವೆ. ಬಹಳ ದಿನ ಊದಿದ ಕೀಲುಗಳಲ್ಲಿ ಈ ನುಂಗುವ ಕೆಲಸ ನಿಧಾನವಾಗುವುದನ್ನು, ಅದಕ್ಕೊಂದು ಕಾರಣವನ್ನು ನಾವು ಕಂಡೆವು. ಈ ಸಲ ಮೇಡಂ ಕೂಡಲೆ ಬರೆಯಲು ಬಿಡಲಿಲ್ಲ. ಯಾವುದು ರೋಗಿಯದು, ಯಾವುದಲ್ಲ ಎಂದು ತಿಳಿಸದೆ ಮಾದರಿಗಳನ್ನು ದೇಗುವಿಗೂ ಜಪಾನಿನ ಸಪ್ಪೊರೊಗೂ ಕಳಿಸಿದರು. ಅಲ್ಲಿಯವರು ತಮ್ಮಷ್ಟಕ್ಕೆ ಮಾಡಿ ನೋಡಿ, ಅದೇ ಉತ್ತರ ಬಂದಿದೆ ಎಂದು ತಿಳಿಸಿದ ಮೇಲೆಯೇ ಬರೆದದ್ದು. ಸಾಧಾರಣ ಪತ್ರಿಕೆಯೊಂದರಲ್ಲಿ ಬಂತು. ಊರ ಪೇಪರಿನವರು ಯಾರೂ ಬರಲಿಲ್ಲ. ಆದರೆ ಅದನ್ನು ಆಧಾರವಾಗಿಟ್ಟುಕೊಂಡು ಇಂದಿಗೂ ಹಲವು ಕಡೆ ಜನ ಕೆಲಸ ಮಾಡುತ್ತಿದ್ದಾರೆ, ಅದು ಅಲುಗಾಡಿಲ್ಲ. ನನಗೆ ಪದವಿ ಸಿಕ್ಕಿದ್ದೂ ಅದರಿಂದಲೇ.

ಬೊಕ್ಸಿಲ್ ಅಜ್ಜಿಯ ನೋವು ಇಳಿದದ್ದು ನಮ್ಮ ಕೆಲಸದಿಂದಲ್ಲ. ಹೊರದೇಶದಲ್ಲಿ ಮಾಡಿದ ಒಂದು ಚುಚ್ಚುಮದ್ದು ಬಂತು, ಅದು ಅಜ್ಜಿಗೆ ಹಿಡಿಯಿತು. ವಾಲಿದ ಬೆರಳು ನೆಟ್ಟಗಾಗಲಿಲ್ಲ, ಆದರೆ ಊತ ಹೋಗಿ ಮುಷ್ಟಿ ಕಟ್ಟಲು ಬಂತು. ತೋರಿಸಲೆಂದೇ ಅಂಗಡಿಗೆ ಬಂದಿದ್ದರು.

"ಬೇರೆ ಯಾರೋ ಮಾಡಿದ ಔಷಧ. ನಿನಗೆ ಹೊಟ್ಟೆ ಉರಿಯಲ್ವೇನೇ?" ಎಂದು ಕೆಣಕಿದರು.

"ಸ್ವಲ್ಪ ಉರಿಯುತ್ತೆ ಅಜ್ಜಿ" ಎಂದರು ಮೇಡಂ, ಆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡುತ್ತಾ. "ಆದ್ರೆ ಇದನ್ನ ನೋಡ್ತಾ ಇದ್ರೆ ಇಳಿಯುತ್ತೆ." ಅವರ ಕಣ್ಣು ಒದ್ದೆಯಾಗಿದ್ದನ್ನು ಕಂಡು ತಾಯಿ, ಈರುಳ್ಳಿ ಹೆಚ್ಚುವುದಕ್ಕೆ ಹೊರಗೆ ಹೋಗು ಎಂದು ನನ್ನನ್ನು ಗದರಿಸಿದರು. ನಾನು ಹೆಚ್ಚುತ್ತಿದ್ದದ್ದು ಮೂಲಂಗಿ.

ಮೇಡಂ ಕಳೆದ ಫೆಬ್ರವರಿಯಲ್ಲಿ ನಿವೃತ್ತರಾದರು. ಈಗ ವಾರಕ್ಕೊಮ್ಮೆ ಆಸ್ಪತ್ರೆಯ ಸಂಧಿವಾತ ವಿಭಾಗದ ಬೆಂಚಿನಲ್ಲಿ ಕೂರುತ್ತಾರೆ. ಡಾಕ್ಟರ ಕೋಣೆಯಿಂದ ಅರ್ಥವಾಗದೆ ಹೊರಬಂದವರಿಗೆ ಕೀಲಿನೊಳಗೆ ಏನಾಗುತ್ತಿದೆ, ಯಾವ ಔಷಧ ಏನು ಮಾಡುತ್ತದೆ, ಯಾವುದು ಇನ್ನೂ ಯಾರಿಗೂ ತಿಳಿದಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಮೊನ್ನೆ ಕೀಲಿನ ನೀರಿನ ಮಾದರಿ ತರಲು ಹೋದ ನಾನು ದೂರದಲ್ಲೇ ನಿಂತು ನೋಡುತ್ತಿದ್ದೆ. ಮುದುಕರೊಬ್ಬರು ಕಿವಿಗೆ ಕೈ ಹಚ್ಚಿಕೊಂಡು, ಹಂದಿ ಮಾಂಸ ತಿಂದರೆ ಊತ ಹೆಚ್ಚುತ್ತದೋ ಇಲ್ಲವೋ ಎಂದು ವಾದಕ್ಕಿಳಿದಿದ್ದರು. ಮೇಡಂ ಎರಡು ಕೈಯನ್ನೂ ಕೋಶಗಳಂತೆ ಆಡಿಸಿ ತೋರಿಸುತ್ತಿದ್ದರು. ನನ್ನನ್ನು ಕಂಡ ಕೂಡಲೆ ಕೂಗಿದರು:

"ಏನೇ ಸುಮ್ನೆ ನೋಡ್ತಾ ನಿಂತಿದ್ದೀಯ? ಬಾ ಇಲ್ಲಿ. ಈ ತಾತನಿಗೆ ಕಿವಿ ಕೇಳ್ಸಲ್ಲ, ನನ್ನ ಗಂಟಲು ಬಿದ್ದುಹೋಯ್ತು. ಉಳಿದದ್ದನ್ನ ನೀನು ಹೇಳು."